ರಾಣಿಯ ಕಥೆಯಲ್ಲಿ ಮಕ್ಕಳಿರಲಿಲ್ಲ

ಆಕೆ ಎಂಥವಳಾಗಿದ್ದಳು ಎಂದು ಆಕೆಯ ಮಗಳೇ ನನ್ನನ್ನು ಕೇಳಿದಳು. ಹೆತ್ತ ತಾಯಿಯ ಬಗ್ಗೆ ಪಕ್ಕದ ಫ್ಲ್ಯಾಟಿನವಳನ್ನು ಕೇಳುವ ಪರಿಸ್ಥಿತಿ ಯಾವ ಮಗಳಿಗೂ ಬರಬಾರದು, ಅದಕ್ಕೆ ಉತ್ತರ ಹೇಳುವ ಪರಿಸ್ಥಿತಿ ಯಾವ ನೆರೆಯವಳಿಗೂ ಬರಬಾರದು. ನಾನು ಎದ್ದು ಚಹಾಕ್ಕೆ ನೀರಿಟ್ಟೆ. ಇಷ್ಟು ವರ್ಷ ಗೋಡೆಗೆ ಗೋಡೆ ತಾಗಿಸಿಕೊಂಡು ಬದುಕಿದವಳ ಬಗ್ಗೆ ನೆಟ್ಟಗೆ ಒಂದು ವಾಕ್ಯ ಹೇಳಲು ನನಗೆ ಬರಲಿಲ್ಲ. ಈಗಲೂ ಬರುವುದಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ಬರೆದರೆ ತಿಳಿದೀತು ಎಂಬ ಭರವಸೆಯೇನೂ ಇಲ್ಲ.

ಹೆಸರು ಹಾಕಬೇಡಿ ಎಂದು ಮಗಳು ಹೇಳಿದ್ದಾಳೆ. ನಾನಾದರೂ ಆಕೆಯನ್ನು ಹೆಸರಿನಿಂದ ಕರೆದವಳಲ್ಲ. ದವಾಖಾನೆಯ ನರ್ಸನ್ನು ನಮ್ಮ ಧಾರವಾಡದ ಕಡೆ ಸಿಸ್ಟರ್ ಎನ್ನುತ್ತೇವೆ. ನಾನೂ ಹಾಗೇ ಕರೆದೆ. ಅದನ್ನು ಕೇಳಿ ನಮ್ಮ ಕಟ್ಟಡದಲ್ಲಿ ಕೆಲವರು ಆಕೆಯನ್ನು ಕ್ರೈಸ್ತ ಸನ್ಯಾಸಿನಿ ಎಂದೇ ತಿಳಿದುಕೊಂಡಿದ್ದರು. ಗಂಡ ತೀರಿಹೋದದ್ದು ಮಾತ್ರ ನನಗೆ ಗೊತ್ತಿತ್ತು. ಮಂಗಳೂರಿನ ಕ್ರೈಸ್ತ ಮನೆತನದವಳು, ಮನೆಮಾತು ಕೊಂಕಣಿ. ನನ್ನೊಡನೆ ಮಾತ್ರ ಆಕೆಯದು ಮಂಗಳೂರಿನ ಕನ್ನಡ, ನನ್ನದು ಧಾರವಾಡದ್ದು. ನಮ್ಮಿಬ್ಬರ ಮಾತು ಕೇಳಿ ನನ್ನ ಮಕ್ಕಳು ನೀವಿಬ್ಬರೂ ಆಡುವುದು ಒಂದೇ ಭಾಷೆಯಾ ಎಂದು ಇಂಗ್ಲಿಷಿನಲ್ಲಿ ಕೇಳುತ್ತಿದ್ದರು.

ಲಂಡನ್ನಿನ ಟೂಟಿಂಗ್‌ನ ಈ ಫ್ಲ್ಯಾಟಿಗೆ ನಾವು ಬಂದ ವಾರದಲ್ಲೇ ನನ್ನ ಒಗ್ಗರಣೆಯ ಹೊಗೆಗೆ ಫೈರ್ ಅಲಾರಂ ಹೊಡೆದುಕೊಂಡಿತು. ಅದನ್ನು ಸುಮ್ಮನಾಗಿಸುವುದು ಹೇಗೆಂದು ತಿಳಿಯದೆ ಒದ್ದಾಡುತ್ತಿದ್ದಾಗ ಬಾಗಿಲು ತಳ್ಳಿಕೊಂಡು ಒಬ್ಬ ಕುಳ್ಳ ಹೆಂಗಸು ಒಳಗೆ ಬಂದಳು. ಕುರ್ಚಿ ಎಳೆದಳು, ಹತ್ತಿದಳು, ಹೆಗಲ ಮೇಲಿದ್ದ ಟವೆಲಿನಿಂದ ಅಲಾರಮ್ಮಿಗೆ ಗಾಳಿ ಬೀಸಿದಳು. ಇಳಿದು ಬಾಣಲೆಯಲ್ಲಿ ಇಣುಕಿ, "ಎಂತ ಮಾರಾಯ್ತಿ, ಮೆಣಸು ಇಷ್ಟು ಕರಟಿಸಿದ್ದೀ?" ಎಂದಳು. ಈ ದೇಶದಲ್ಲಿ ಮನೆಯ ಹೊರಗಿನವರ ಬಾಯಲ್ಲಿ ನಾನು ಕೇಳಿದ ಮೊದಲ ಕನ್ನಡ ಅದು. ನನಗೆ ಕಣ್ಣಲ್ಲಿ ನೀರು ಬಂತು. ಮೆಣಸಿನಕಾಯಿ ಘಾಟೂ ಇತ್ತೆನ್ನಿ. ಆಕೆ ನನ್ನ ಮುಖವನ್ನು ನೋಡಲೇ ಇಲ್ಲ. ಬಗ್ಗಿ ನನ್ನ ಕಾಲು ನೋಡಿ, ಈ ಚಳಿಯಲ್ಲಿ ಹಿಮ್ಮಡಿ ಒಡೆಸಿಕೊಂಡಿದ್ದೀ, ಸಾಕ್ಸ್ ಹಾಕು ಎಂದು ಗದರಿ ಹೋದಳು.

ಯಾರನ್ನು ಕಂಡರೂ ಆಕೆ ಮೊದಲು ನೋಡುತ್ತಿದ್ದದ್ದು ಕಾಲು. ಮುಖ ಸುಳ್ಳು ಹೇಳುತ್ತದೆ, ಪಾದ ಹೇಳುವುದಿಲ್ಲ ಎನ್ನುತ್ತಿದ್ದಳು. ಆಸ್ಪತ್ರೆಯ ಕೆಲಸದಿಂದ ನಿವೃತ್ತಳಾದ ಮೇಲೆ ನಮ್ಮ ಕಟ್ಟಡದ ಮುದುಕರ ಉಗುರು ಕತ್ತರಿಸುವುದು, ಹುಣ್ಣಿಗೆ ಪಟ್ಟಿ ಕಟ್ಟುವುದು, ಡಾಕ್ಟರರ ಹತ್ತಿರ ಎಳೆದುಕೊಂಡು ಹೋಗುವುದು ಆಕೆಗೆ ನಿತ್ಯದ ಪಾಡಾಯಿತು. ಮೃದುವಾಗಿ ಮಾತಾಡಿಸಿ ಮಾಡುತ್ತಿದ್ದಳು ಎಂದುಕೊಳ್ಳಬೇಡಿ. ಬೈದುಕೊಂಡೇ ಮಾಡುತ್ತಿದ್ದಳು. ಸಂಜೆಯಾದರೆ ಟೀವಿಯಲ್ಲಿ ಕುಸ್ತಿ ನೋಡುತ್ತ, ಸಿಗಡಿ ಉಪ್ಪಿನಕಾಯಿ ಹಚ್ಚಿದ ಬ್ರೆಡ್ಡು ತಿನ್ನುತ್ತ, ಅವನ ಕುತ್ತಿಗೆ ಹಿಡಿ ಎಂದು ಕೂಗುತ್ತಿದ್ದಳು. ನೀವು ಸಂತರ ಹಾಗೆ ಎಂದು ಯಾರಾದರೂ ಹೇಳಿದರೆ ಆಕೆಗೆ ಸಿಟ್ಟು ಬರುತ್ತಿತ್ತು. "ಸಂತರಿಗೆ ಆಯುಸ್ಸು ಕಮ್ಮಿ. ನನಗೆ ಇನ್ನೂ ತುಂಬ ಮೀನು ತಿನ್ಲಿಕ್ಕೆ ಉಂಟು" ಎನ್ನುತ್ತಿದ್ದಳು.

ಆದರೆ ಆಕೆಯ ದೇವರ ಗೂಡಿನಲ್ಲಿ ಒಬ್ಬ ಸಂತ ಹೆಂಗಸಿನ ಚಿತ್ರವಿತ್ತು. ತಲೆಗೆ ಕಿರೀಟ, ಉಡಿಯ ತುಂಬ ಗುಲಾಬಿ. ಆಕೆ ಅವಳನ್ನು ನಮ್ಮ ರಾಣಿ ಎನ್ನುತ್ತಿದ್ದಳು. ಲಂಡನ್ನಿನಲ್ಲಿ ರಾಣಿ ಎಂದರೆ ನಾನು ಏನು ತಿಳಿಯಬೇಕು, ಇಲ್ಲಿನ ರಾಣಿಯಮ್ಮನ ಹರೆಯದ ಚಿತ್ರ ಎಂದೇ ಒಂದು ವರ್ಷ ತಿಳಿದಿದ್ದೆ. ಆಮೇಲೆ ಗೊತ್ತಾಯಿತು, ಇವಳು ನೂರಾರು ವರ್ಷಗಳ ಹಿಂದಿನ ಹಂಗೇರಿ ದೇಶದ ರಾಜಕುಮಾರಿ, ಜರ್ಮನಿಯ ಒಂದು ಸಂಸ್ಥಾನಕ್ಕೆ ಸೊಸೆಯಾಗಿ ಹೋದವಳು. ನವೆಂಬರಿನಲ್ಲಿ ಇವಳ ಹಬ್ಬ. ಅಂದು ಸಿಸ್ಟರ್ ಇಡ್ಲಿಯಂಥ ಸಾನ್ನ ಬೇಯಿಸಿ, ನನಗೆಂದು ಬೇರೆಯಾಗಿ ಕಾಯಿಚಟ್ನಿ ಮಾಡಿ ಕರೆಯುತ್ತಿದ್ದಳು. ತಿನ್ನುತ್ತ ಕೂತಾಗ ರಾಣಿಯ ಕಥೆ ಹೇಳುತ್ತಿದ್ದಳು. ಪ್ರತಿ ವರ್ಷವೂ ಹೇಳುತ್ತಿದ್ದಳು, ಯಾವ ವರ್ಷವೂ ಒಂದೇ ಕಡೆಯಿಂದ ಶುರು ಮಾಡುತ್ತಿರಲಿಲ್ಲ.

ನಾಲ್ಕು ವರ್ಷದ ಹುಡುಗಿಯಾಗಿದ್ದಾಗಲೇ ಆ ರಾಜಕುಮಾರಿಯನ್ನು ಗಂಡನ ಮನೆಯಲ್ಲಿ ಬೆಳೆಯಲೆಂದು ಕಳಿಸಿಬಿಟ್ಟರಂತೆ. ದೊಡ್ಡವಳಾಗಿ ಮದುವೆಯಾಯಿತು, ಗಂಡನಿಗೆ ಇವಳೆಂದರೆ ಪ್ರಾಣ. ಬರ ಬಿದ್ದಾಗ ಕೋಟೆಯ ಕಣಜ ತೆರೆದು ಜನಕ್ಕೆ ಧಾನ್ಯ ಕೊಟ್ಟಳು. ಒಂದು ದಿನ ಉಡಿಯಲ್ಲಿ ರೊಟ್ಟಿ ಕಟ್ಟಿಕೊಂಡು ಬಡವರಿಗೆಂದು ಹೊರಟಿದ್ದಾಗ ದಾರಿಯಲ್ಲಿ ಕೋಟೆಯವರು ತಡೆದು, ಏನಿದೆ ತೋರಿಸು ಎಂದರು. ತೆರೆದಳು, ಒಳಗೆಲ್ಲ ಗುಲಾಬಿ ಹೂವು.

"ಹೂವಾದ ಮ್ಯಾಲ ಆ ಬಡವರು ಏನ ತಿಂದರ್ರಿ?" ಎಂದು ನಾನು ಕೇಳಿದೆ.

ಆಕೆ ಸಾನ್ನದ ತಟ್ಟೆ ಕೆಳಗಿಟ್ಟು ನಕ್ಕಳು. "ನಾನು ಸಣ್ಣವಳಿರುವಾಗ ಇದನ್ನೇ ಪಾದ್ರಿಗೆ ಕೇಳಿದೆ. ಕಿವಿ ಹಿಂಡಿದರು."

"ಮಕ್ಕಳುಮರಿ ಇರಲಿಲ್ಲೇನ್ರಿ ಆಕಿಗೆ?"

"ಚಾ ಆರ್ತದೆ, ಕುಡಿ."

ಇಲ್ಲವೆಂದೇ ನಾನು ಅರ್ಥ ಮಾಡಿಕೊಂಡೆ. ಮಕ್ಕಳಿಲ್ಲದವಳು ಊರ ಮಕ್ಕಳನ್ನೇ ನನ್ನವರೆಂದಳು, ಇದರಲ್ಲಿ ತಿಳಿಯದಿರುವುದು ಏನಿದೆ. ಸಿಸ್ಟರಿಗೂ ಮಕ್ಕಳಿಲ್ಲ, ಅದಕ್ಕೇ ಈ ರಾಣಿ ಇಷ್ಟ ಎಂದು ನಾನೇ ಮೊಳ ಹಾಕಿ ಮುಗಿಸಿದೆ.

ಒಂದು ಚಳಿಗಾಲ ಮೂರನೆಯ ಮಹಡಿಯ ಮುದುಕನೊಬ್ಬನನ್ನು ಆಸ್ಪತ್ರೆಯವರು ಮನೆಗೆ ಕಳಿಸಿದರು. ನೋಡಿಕೊಳ್ಳುವವರಿಲ್ಲ, ಎರಡೂ ಕಾಲಿನಲ್ಲಿ ಹುಣ್ಣು. ಸಿಸ್ಟರ್ ಅವನನ್ನು ಲಿಫ್ಟಿನಲ್ಲಿ ಇಳಿಸಿಕೊಂಡು ಬಂದು ತನ್ನ ಹಾಸಿಗೆಯ ಮೇಲೆ ಮಲಗಿಸಿದಳು. ತಾನು ಕುರ್ಚಿಯ ಮೇಲೆ ನಿದ್ದೆ ಮಾಡಿದಳು, ಚಳಿಗಾಲ ಕಳೆಯುವವರೆಗೆ. ನನಗೆ ತಡೆಯಲಾಗಲಿಲ್ಲ.

"ಏನ್ರಿ ಸಿಸ್ಟರ್ ಇದು ಹುಚ್ಚು? ನಿಮ್ಮ ಸೊಂಟ ಯಾರು ನೋಡ್ತಾರ?"

ಆಗ ರಾಣಿಯ ಇನ್ನೊಂದು ಕಥೆ ಹೊರಗೆ ಬಂತು. ರಾಣಿ ಒಬ್ಬ ಕುಷ್ಠರೋಗಿಯನ್ನು ತಂದು ಗಂಡನ ಹಾಸಿಗೆಯಲ್ಲೇ ಮಲಗಿಸಿದ್ದಳಂತೆ. ಅತ್ತೆ ಮಗನನ್ನು ಕರೆದು, ಬಾ, ನಿನ್ನ ಹೆಂಡತಿ ಯಾರನ್ನು ಮಲಗಿಸಿದ್ದಾಳೆ ನೋಡು ಎಂದಳು. ಮಗ ಹೊದಿಕೆ ಎತ್ತಿದರೆ ಕಂಡದ್ದು ಸಾಕ್ಷಾತ್ ಯೇಸುಸ್ವಾಮಿ. ನಮ್ಮತ್ತೆಯಾಗಿದ್ದರೆ ಹೊದಿಕೆ ಎತ್ತುವವರೆಗೆ ಕಾಯದೆ ನನ್ನನ್ನೇ ಹೊರಗೆ ಹಾಕುತ್ತಿದ್ದರು ಎಂದೆ. ಸಿಸ್ಟರ್ ಕೋಣೆಯ ಬಾಗಿಲು ಸರಿಸಿ, ನೋಡು, ನಿನಗೆ ಯಾರು ಕಾಣ್ತಾರೆ ಹೇಳು ಎಂದಳು. ಮುದುಕ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ, ಅವನ ಹಲ್ಲಿನ ಸೆಟ್ಟು ಪಕ್ಕದ ಗ್ಲಾಸಿನ ನೀರಿನಲ್ಲಿತ್ತು. ನನಗೆ ದೇವರು ಕಾಣಲಿಲ್ಲ. "ನನಗೂ ಕಾಣುದಿಲ್ಲ ಮಾರಾಯ್ತಿ. ಪಟ್ಟಿ ಬದಲಿಸುವ ಹೊತ್ತಾಯ್ತು, ಅದು ಮಾತ್ರ ಕಾಣ್ತದೆ" ಎಂದಳು.

ಇನ್ನು ನಾನು ಮಾಡಿದ ಘನಕಾರ್ಯ. ಶ್ರಾವಣದ ಶುಕ್ರವಾರಗಳಂದು ನಮ್ಮ ಮನೆಯಲ್ಲಿ ನಾಲ್ಕಾರು ಕನ್ನಡದ ಹೆಂಗಸರು ಸೇರುತ್ತೇವೆ. ಅಕ್ಷತೆ ಕೈಯಲ್ಲಿ ಹಿಡಿದು ಲಕ್ಷ್ಮಿಯ ಕಥೆ ಕೇಳುವುದು, ಮುಗಿದ ಮೇಲೆ ಅಕ್ಷತೆಯನ್ನು ದೇವಿಗೆ ಹಾಕಿ ನಮಸ್ಕಾರ ಮಾಡುವುದು ಪದ್ಧತಿ. ಒಂದು ಶುಕ್ರವಾರ ಕಥೆ ಬೇಗ ಮುಗಿಯಿತು, ಇನ್ನೊಂದು ಹೇಳಿ ಎಂದರು. ನಾನು ಸಿಸ್ಟರ್ ಹೇಳಿದ ರಾಣಿಯ ಕಥೆ ಎತ್ತಿದೆ. ಎಲ್ಲರಿಗೂ ಬಹಳ ಹಿಡಿಸಿತು. ಕಡೆಗೆ ಒಬ್ಬರು, ಈ ಕಥೆ ಕೇಳಿದವರಿಗೆ ಫಲ ಏನು ಎಂದು ಕೇಳಿದರು. ನಮ್ಮಲ್ಲಿ ಫಲ ಹೇಳದೆ ಕಥೆ ಮುಗಿಸುವ ಹಾಗಿಲ್ಲ. ಸಿಸ್ಟರಂತೂ ಫಲ ಹೇಳಿರಲಿಲ್ಲ, ಅವರಲ್ಲಿ ಆ ಲೆಕ್ಕ ಇದ್ದಂತಿಲ್ಲ. ನಾನೇ ಹೇಳಿದೆ: ರಾಣಿಗೆ ಮಕ್ಕಳಿರಲಿಲ್ಲ, ಅವಳ ಉಡಿಯನ್ನು ದೇವರು ಹೂವಿನಿಂದ ತುಂಬಿದ, ಈ ಕಥೆ ಕೇಳಿದವರ ಉಡಿಯೂ ತುಂಬುತ್ತದೆ.

ಕ್ಯಾನರಿ ವಾರ್ಫ್‌ನ ಆಫೀಸೊಂದರಲ್ಲಿ ಕೆಲಸ ಮಾಡುವ ಬೆಂಗಳೂರಿನ ಒಬ್ಬ ಹುಡುಗಿ ಅಂದು ಬಂದಿದ್ದಳು. ಮದುವೆಯಾಗಿ ಬಹಳ ವರ್ಷವಾದರೂ ಮಕ್ಕಳಾಗಿರಲಿಲ್ಲ. ನವೆಂಬರಿನ ಹಬ್ಬದ ದಿನ ಆಕೆ ರಜೆ ಹಾಕಿ, ತಲೆಗೆ ಸ್ನಾನ ಮಾಡಿ, ತೆಂಗಿನಕಾಯಿ ಹೂವು ಹಣ್ಣು ಹಿಡಿದು ಸಿಸ್ಟರ್ ಬಾಗಿಲಿಗೆ ಬಂದಳು. ಹಿಂದೆ ನಾನು, ಅಕ್ಷತೆಯ ಬಟ್ಟಲು ಹಿಡಿದುಕೊಂಡು.

"ಆಂಟಿ, ಈ ಕಥೆ ಗೊತ್ತಿರೋರ ಬಾಯಿಂದಾನೇ ಕೇಳ್ಬೇಕಂತೆ. ಪೂರ್ತಿ ಹೇಳಿ ಪ್ಲೀಸ್" ಎಂದಳು ಹುಡುಗಿ.

ಸಿಸ್ಟರಿಗೆ ಏನೂ ಅರ್ಥವಾಗಲಿಲ್ಲ. ನಾನು ಫಲದ ವಿಷಯ ಬಿಡಿಸಿ ಹೇಳಿದೆ. ಆಕೆ ತೆಂಗಿನಕಾಯಿಯನ್ನು ನೋಡಿದಳು, ಹುಡುಗಿಯ ಕಾಲು ನೋಡಿದಳು, ಆಮೇಲೆ ನನ್ನನ್ನು ನೋಡಿದ ನೋಟ ಇದೆಯಲ್ಲ, ಅದರಲ್ಲಿ ಬೈಗುಳವೂ ಇರಲಿಲ್ಲ. "ಕೂತ್ಕೊಳ್ಳಿ. ಪೂರ್ತಿ ಬೇಕಲ್ವಾ, ಹೇಳ್ತೇನೆ" ಎಂದಳು. ನಾವಿಬ್ಬರೂ ಅಕ್ಷತೆ ಹಿಡಿದು ಕೂತೆವು.

ರೊಟ್ಟಿ, ಗುಲಾಬಿ, ಕುಷ್ಠರೋಗಿ ಎಲ್ಲ ಎರಡು ಮಾತಿನಲ್ಲಿ ಮುಗಿಸಿದಳು. "ಗಂಡ ಧರ್ಮಯುದ್ಧಕ್ಕೆ ಅಂತ ಹೋದ. ದಾರಿಯಲ್ಲಿ ಜ್ವರ ಬಂದು ಸತ್ತ. ಆಗ ಅವಳಿಗೆ ಇಪ್ಪತ್ತು. ಅವಳಿಗೆ ಮೂರು ಮಕ್ಕಳು ಇದ್ದರು."

ನಾನು ಬೆಚ್ಚಿಬಿದ್ದೆ. "ಮಕ್ಕಳಿದ್ರಾ?"

"ಮೂರು. ಸಣ್ಣದು ಹೊಟ್ಟೆಯಲ್ಲಿರುವಾಗ ಗಂಡ ಹೋದದ್ದು. ಅವಳು ಕೋಟೆ ಬಿಟ್ಟಳು, ಆಮೇಲೆ ಮಕ್ಕಳನ್ನು ಬಿಟ್ಟಳು. ಮೂರನ್ನೂ. ಸಣ್ಣ ಹೆಣ್ಣುಮಗುವನ್ನು ಎರಡು ತುಂಬುವ ಮೊದಲೇ ಕಾನ್ವೆಂಟಿಗೆ ಕೊಟ್ಟಳು. ಮಕ್ಕಳ ಮೇಲಿನ ಪ್ರೀತಿ ನನ್ನ ಮನಸ್ಸಿನಿಂದ ತೆಗಿ ಅಂತ ದೇವರಿಗೆ ಕೇಳಿಕೊಂಡಳಂತೆ. ಮತ್ತೆ ಆಸ್ಪತ್ರೆ ಕಟ್ಟಿ ಕಂಡವರ ಹುಣ್ಣು ತೊಳೆದಳು. ಅವಳ ಗುರು ಒಬ್ಬ ಇದ್ದ, ಅವಳಿಗೆ ಹೊಡೀತಿದ್ದ. ಹೊಡೆಸಿಕೊಂಡಳು. ಇಪ್ಪತ್ತನಾಲ್ಕಕ್ಕೆ ಸತ್ತಳು." ಆಕೆ ಹುಡುಗಿಯ ಕಡೆ ತಿರುಗಿದಳು. "ನೀನು ಮಕ್ಕಳು ಕೇಳ್ಲಿಕ್ಕೆ ಬಂದದ್ದು ಇವಳ ಹತ್ತಿರ. ಇವಳು ಕೊಡುವವಳಲ್ಲ ಮಗಾ, ಬಿಟ್ಟವಳು."

ಹುಡುಗಿ ಅಳತೊಡಗಿದಳು. ಸಿಸ್ಟರ್ ಎದ್ದು ಬಂದು ಅವಳ ಬೆನ್ನು ಸವರಿದಳು, ಒಳ್ಳೆಯ ಡಾಕ್ಟರರ ಹತ್ತಿರ ಹೋಗು, ನಾನೂ ಬರ್ತೇನೆ ಎಂದಳು. ನನ್ನ ಮುಷ್ಟಿಯಲ್ಲಿ ಅಕ್ಷತೆ ಹಾಗೇ ಇತ್ತು. ಕಥೆ ಮುಗಿದಿದೆ, ಯಾರಿಗೆ ಹಾಕಬೇಕು ತಿಳಿಯದು. ಮಕ್ಕಳನ್ನು ಬಿಟ್ಟುಹೋದ ಆ ರಾಣಿಗೆ ಹಾಕಲೇ, ಬೇಡವೇ? ಕಡೆಗೆ ನಾನು ಅದನ್ನು ಬಟ್ಟಲಿಗೇ ವಾಪಸು ಹಾಕಿದೆ. ಹಾಗೆ ಮಾಡಬಾರದು, ಗೊತ್ತು.

ಹುಡುಗಿ ಹೋದ ಮೇಲೆ ನಾನು ಜಗಳಕ್ಕೆ ನಿಂತೆ. "ಇಷ್ಟು ವರ್ಷ ಅರ್ಧಾ ಕಥಿ ಯಾಕ ಹೇಳಿದ್ರಿ ನನಗ?"

ಆಕೆ ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟಳು. "ನನಗೂ ಒಂದು ಉಂಟು."

"ಏನು ಒಂದು?"

"ಮಗಳು. ಊರಲ್ಲಿ. ನನ್ನ ಗಂಡನ ಅಕ್ಕ ಸಾಕಿದ್ದು. ನಾಲ್ಕು ವರ್ಷದವಳಿರುವಾಗ ಬಿಟ್ಟು ಬಂದದ್ದು, ಒಂದು ವರ್ಷದಲ್ಲಿ ಕರ್ಕೊಂಡು ಬರ್ತೇನೆ ಅಂತ. ತರ್ಲಿಲ್ಲ. ಅವಳ ಮದುವೆಗೂ ನಾನು ಹೋಗ್ಲಿಲ್ಲ." ಅಷ್ಟು ಹೇಳಿ ನಲ್ಲಿ ಬಿಟ್ಟು ತಟ್ಟೆ ತೊಳೆಯಲು ನಿಂತಳು. ನಾನು ಒಂದು ವಾರ ಆಕೆಯ ಬಾಗಿಲಿಗೆ ಹೋಗಲಿಲ್ಲ. ಸಿಟ್ಟೋ ದುಃಖವೋ ನನಗೇ ಗೊತ್ತಾಗಲಿಲ್ಲ.

ಮರುವರ್ಷ ಆ ಹುಡುಗಿಗೆ ಗಂಡುಮಗುವಾಯಿತು. ಡಾಕ್ಟರರ ಹತ್ತಿರ ಚಿಕಿತ್ಸೆ ತೆಗೆದುಕೊಂಡಿದ್ದಳು, ನಾಲ್ಕಾರು ಬಾರಿ ಸಿಸ್ಟರೇ ಜೊತೆಗೆ ಹೋಗಿದ್ದಳು. ಆದರೂ ಹುಡುಗಿ ಪೇಢೆಯ ಡಬ್ಬಿ ತಂದಿಟ್ಟದ್ದು ರಾಣಿಯ ಮುಂದೆ. ಶುಕ್ರವಾರದ ಹೆಂಗಸರು, ನೋಡಿದ್ರಾ, ಕಥೆಯ ಫಲ ಎಂದರು. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಸಿಸ್ಟರ್ ಎರಡು ಪೇಢೆ ತಿಂದು, ಸಕ್ಕರೆ ಜಾಸ್ತಿ ಆಯ್ತು ಎಂದಳು.

ನನ್ನ ತಲೆಯೊಳಗೆ ಮಾತ್ರ ರಾಣಿ ಕೂತುಬಿಟ್ಟಳು. ಹೆಂಡತಿ ಮಗು ಮಲಗಿದ್ದಾಗ ಅರಮನೆ ಬಿಟ್ಟುಹೋದ ರಾಜಕುಮಾರನಿಗೆ ನಾವೂ ಕೈ ಮುಗಿಯುತ್ತೇವೆ. ಆ ಮಗುವಿನ ಬಗ್ಗೆ ನಾನು ಯಾವತ್ತೂ ಯೋಚಿಸಿದ್ದಿಲ್ಲ. ಹೆಂಗಸು ಬಿಟ್ಟುಹೋದಳೆಂದಾಗ ಮಾತ್ರ ಮೊದಲು ಮಕ್ಕಳು ನೆನಪಾದರು. ಇದು ನ್ಯಾಯವಲ್ಲ ಎಂದು ಒಂದು ಮನಸ್ಸು, ನ್ಯಾಯ ಗೀಯ ಇರಲಿ, ಎರಡು ತುಂಬದ ಕೂಸನ್ನು ಹೇಗೆ ಕೊಟ್ಟಳು ಎಂದು ಇನ್ನೊಂದು ಮನಸ್ಸು. ನಮ್ಮ ಮನೆಯವರನ್ನು ಕೇಳಿದರೆ, ಎಲ್ಲಿಯ ಹಂಗೇರಿ, ಎಲ್ಲಿಯ ನೀನು, ಸಾರಿಗೆ ಉಪ್ಪು ಹಾಕು ಎಂದರು.

ಸಿಸ್ಟರಿಗೆ ಹೊಟ್ಟೆಯಲ್ಲಿ ಗಡ್ಡೆಯಾಗಿದೆ ಎಂದು ತಿಳಿದದ್ದು ಹೋದ ವರ್ಷ. ಏನಾದರೂ ಮಾಡುವ ಹಂತ ದಾಟಿತ್ತು. ಸಾಯುವವರನ್ನು ನೋಡಿಕೊಳ್ಳುವ ಒಂದು ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ಆಕೆ ನನ್ನ ಕೈ ಹಿಡಿದು, "ಊರಿಗೆ ಒಂದು ಫೋನ್ ಮಾಡು. ಹೀಗೆ ಹೀಗೆ ಉಂಟು ಅಂತ ಮಾತ್ರ ಹೇಳು. ಬಾ ಅಂತ ಹೇಳ್ಬೇಡ" ಎಂದಳು. ನಾನು ಫೋನ್ ಮಾಡಿ ಬಾ ಎಂದೇ ಹೇಳಿದೆ. ಅಷ್ಟು ನಾಜೂಕು ನನಗೆ ಬರುವುದಿಲ್ಲ.

ಮಗಳು ಬಂದಳು. ನಲವತ್ತರ ಹತ್ತಿರದ ಹೆಂಗಸು, ಸ್ಕೂಲ್ ಟೀಚರ್, ಅದೇ ಕುಳ್ಳ ದೇಹ, ದಟ್ಟ ಕೂದಲು. ತನ್ನ ಮಗುವನ್ನು ಗಂಡನ ತಾಯಿಯ ಹತ್ತಿರ ಬಿಟ್ಟು ಬಂದಿದ್ದಳು. ವಿಮಾನ ಇಳಿದ ಸಂಜೆಯೇ ನನ್ನ ಅಡುಗೆಮನೆಯಲ್ಲಿ ಕೂತು ಕೇಳಿದಳು, "ಆಂಟಿ, ಅವರು ಎಂತ ಜನ?" ಅಮ್ಮ ಎನ್ನಲಿಲ್ಲ, ಅವರು ಎಂದಳು.

ನಾನು ಚಹಾ ಕೊಟ್ಟೆ. ಅಲಾರಂ, ಕುಸ್ತಿ, ಮುದುಕನ ಹಲ್ಲು, ನೆನಪಿಗೆ ಬಂದದ್ದನ್ನೆಲ್ಲ ಹೇಳಿದೆ. ಅವಳು ನಗಲಿಲ್ಲ. ಎಲ್ಲ ಕೇಳಿ, "ಒಳ್ಳೆ ಜನ ಅಂತ ಊರಲ್ಲಿಯೂ ಎಲ್ಲರೂ ಹೇಳ್ತಾರೆ. ನಾನು ಅದಕ್ಕೆ ಬಂದದ್ದಲ್ಲ. ಯಾಕೆ ನನ್ನನ್ನು ಕರೆಸಿಕೊಳ್ಳಲಿಲ್ಲ ಅಂತ ಒಂದು ಸಲ ಅವರ ಬಾಯಿಂದ ಕೇಳ್ಬೇಕು. ಕೇಳಿ ಹೋಗ್ತೇನೆ" ಎಂದಳು. ಆಕೆಗೆ ಉಳಿದಿರುವುದು ಎಷ್ಟು ದಿನವೋ, ಉತ್ತರ ಸಿಗುತ್ತದೋ ಇಲ್ಲವೋ.

ಮರುದಿನ ಮಧ್ಯಾಹ್ನ ಕರೆದುಕೊಂಡು ಹೋದೆ. ಸಿಸ್ಟರ್ ದಿಂಬಿಗೆ ಒರಗಿ ಕೂತಿದ್ದಳು. ಮಗಳನ್ನು ಕಂಡು ಆಕೆಯ ಕಣ್ಣು ಮೊದಲು ಅವಳ ಕಾಲಿಗೆ ಹೋಯಿತು. ಆಮೇಲೆ ಇಬ್ಬರೂ ಕೊಂಕಣಿಯಲ್ಲಿ ಮಾತಾಡಿದರು. ನಾನು ಎದುರಿಗೇ ಕೂತಿದ್ದೆ, ಒಂದಕ್ಷರ ತಿಳಿಯಲಿಲ್ಲ. ಇಷ್ಟು ವರ್ಷ ಜೊತೆಗಿದ್ದೂ ಆಕೆಯ ಮನೆಮಾತು ಕಲಿಯಬೇಕೆಂದು ನನಗೆ ತೋಚಿರಲೇ ಇಲ್ಲ. ಮಗಳು ಬಹಳ ಹೊತ್ತು ಮಾತಾಡಿದಳು, ಧ್ವನಿ ಏರಿಸದೆ. ತಾಯಿ ಸಣ್ಣ ಸಣ್ಣ ಉತ್ತರ ಕೊಟ್ಟಳು. ಒಮ್ಮೆ ತಾಯಿ ಏನೋ ಹೇಳಿದಳು. ಮಗಳು ಎದ್ದು, ಕಿಟಕಿಯ ಹತ್ತಿರ ನಿಂತು, ಹೊರಗಿನ ಪಾರ್ಕಿಂಗ್ ನೋಡುತ್ತಿದ್ದಳು. ಯಾರೂ ಅಳಲಿಲ್ಲ.

ಬಸ್‌ ಸ್ಟಾಪಿನಲ್ಲಿ ನಾನು ಕೇಳಿದೆ, "ಏನಂದ್ರು?"

"ಮೊದಲನೇ ವರ್ಷ ವೀಸಾ ಆಗ್ಲಿಲ್ಲವಂತೆ. ಎರಡನೇ ವರ್ಷ ಊರಿಗೆ ಬಂದಾಗ ನಾನು ನನ್ನನ್ನು ಸಾಕಿದ ಅತ್ತೆಯನ್ನು ಅಮ್ಮ ಅಂತ ಕರೀತಿದ್ದೆನಂತೆ, ಇವರನ್ನು ನೋಡಿ ಅತ್ತೆಯ ಹಿಂದೆ ಅಡಗಿದೆನಂತೆ. ಆಮೇಲೆ..." ಅವಳು ಬಸ್ಸು ಬರುವ ದಿಕ್ಕಿಗೆ ನೋಡಿದಳು. "ಆಮೇಲೆ ಇಲ್ಲಿಯ ಕೆಲಸ ಇಷ್ಟ ಆಯ್ತಂತೆ. ಇಷ್ಟ ಆಯ್ತಂತೆ ಆಂಟಿ. ಹಾಗೇ ಹೇಳಿದ್ರು."

ನನಗೆ ಮೈಯೆಲ್ಲ ಉರಿಯಿತು. ಮಾರನೆಯ ಬೆಳಿಗ್ಗೆ ಒಬ್ಬಳೇ ಹೋದೆ. ಕಾಯಿಲೆಯವಳು ಎಂದೂ ನೋಡಲಿಲ್ಲ.

"ಏನ್ರಿ ಸಿಸ್ಟರ್, ಹೋಗೋ ಹೊತ್ತಿನ್ಯಾಗ ಒಂದು ಸುಳ್ಳು ಹೇಳ್ಲಿಕ್ಕ ಬರಲಿಲ್ಲೇನು ನಿಮಗ? ನಿನ್ನ ಸಲುವಾಗೇ ದುಡದೆ ಅನ್ನಬಹುದಿತ್ತು. ಎಲ್ಲಾರೂ ಅನ್ನೋದು ಅದನ್ನ."

"ಎಲ್ಲರಿಗೂ ಅದನ್ನೇ ಹೇಳಿದ್ದು ಮಾರಾಯ್ತಿ, ಇಷ್ಟು ವರ್ಷ. ಅವಳೊಬ್ಬಳಿಗಾದ್ರೂ ನಿಜ ಇರ್ಲಿ ಅಂತ."

"ತಪ್ಪಾತು ಅಂತಾದ್ರೂ ಅನ್ರಿ."

ಆಕೆ ಕಣ್ಣು ಮುಚ್ಚಿಕೊಂಡಳು. ನಿದ್ದೆ ಬಂತೇನೋ ಎಂದುಕೊಂಡೆ. "ಅದು ನಿಜವಾ ಅಂತ ನನಗೆ ಗೊತ್ತಿಲ್ಲ. ವಾರ್ಡಿಗೆ ಹೋಗಿ ಏಪ್ರನ್ ಕಟ್ಟಿದ್ರೆ ನನಗೆ ಖುಷಿ ಆಗ್ತಿತ್ತು. ಮನೆಗೆ ಬಂದು ಅವಳ ಫೋಟೋ ನೋಡಿದ್ರೆ ಸಂಕಟ ಆಗ್ತಿತ್ತು. ಮತ್ತೆ ಬೆಳಿಗ್ಗೆ ಖುಷಿ ಆಗ್ತಿತ್ತು. ಇದಕ್ಕೆ ಎಂತ ಹೇಳುದು? ರಾಣಿಗೂ ಹೀಗೇ ಇತ್ತಾ ಅಂತ ಒಬ್ಬರೂ ಬರೆದಿಡಲಿಲ್ಲ."

ನಾನು ಬೈಯಲೆಂದು ಹೋದವಳು ಆಕೆಯ ಕಾಲಿಗೆ ಎಣ್ಣೆ ಹಚ್ಚಿ ಬಂದೆ. ಹಿಮ್ಮಡಿ ಒಡೆದಿತ್ತು.

ಅದಾಗಿ ಎರಡು ದಿನಕ್ಕೆ ಆಕೆ ಹೋದಳು. ಮಗಳು ಹತ್ತಿರವೇ ಇದ್ದಳಂತೆ. ಕೊನೆಯಲ್ಲಿ ಏನು ಮಾತಾಡಿದರೋ, ಮಾತಾಡಿದರೋ ಇಲ್ಲವೋ, ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಊರಿಗೆ ತಿರುಗಿಹೋಗುವ ಟಿಕೆಟನ್ನು ಮಾತ್ರ ಮುಂದಕ್ಕೆ ಹಾಕಿಸಿದಳು. ಕ್ಷಮಿಸಿದ್ದಾಳೆ ಎಂದು ನಾನು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ, ಚರ್ಚಿನ ಅಂತಿಮಪೂಜೆಯಲ್ಲಿ ತಾಯಿಯ ಬಗ್ಗೆ ನಾಲ್ಕು ಮಾತಾಡುತ್ತೀರಾ ಎಂದು ಪಾದ್ರಿ ಕೇಳಿದರು. ನನಗೆ ಅವರ ಪರಿಚಯ ಇಲ್ಲ ಫಾದರ್ ಎಂದುಬಿಟ್ಟಳು.

ಚರ್ಚಿನಲ್ಲಿ ಜಾಗ ಸಾಲದಷ್ಟು ಜನ. ಮಣ್ಣು ಮಾಡಿ ಬಂದ ಮೇಲೆ ಪಕ್ಕದ ಸಭಾಭವನದಲ್ಲಿ ಚಹಾ ಇತ್ತು. ನಾನು ಉಪ್ಪಿಟ್ಟು ಮಾಡಿಕೊಂಡು ಹೋಗಿದ್ದೆ, ಬಡಿಸುತ್ತಿದ್ದೆ. ಬಂದವರೆಲ್ಲ ಸಾಲಾಗಿ ಮಗಳ ಹತ್ತಿರ ಹೋಗಿ ಇಂಗ್ಲಿಷಿನಲ್ಲಿ ಒಂದೇ ಮಾತು ಹೇಳುತ್ತಿದ್ದರು: ನಿಮ್ಮಮ್ಮ ನಮಗೆ ತಾಯಿಯ ಹಾಗಿದ್ದರು. ಒಬ್ಬರಾದ ಮೇಲೆ ಒಬ್ಬರು. ಅವರಿಗೇನು ಗೊತ್ತು ಪಾಪ. ಆ ಮಾತು ಒಂದೊಂದು ಸಲ ಬಿದ್ದಾಗಲೂ ಅವಳ ದವಡೆ ಬಿಗಿಯುವುದನ್ನು ನಾನು ಸೌಟು ಹಿಡಿದು ನೋಡುತ್ತಿದ್ದೆ. ಇನ್ನೊಬ್ಬರು ಅಂದರೆ ಇವಳು ಎದ್ದು ಹೋಗುತ್ತಾಳೆ ಎಂದು ನನಗೆ ಖಾತ್ರಿಯಾಗಿತ್ತು.

ಆಗ ಒಬ್ಬ ಇಂಗ್ಲಿಷ್ ಹೆಂಗಸು ಬಂದಳು, ಮಗಳಿಗಿಂತ ನಾಲ್ಕೈದು ವರ್ಷ ಚಿಕ್ಕವಳಿರಬೇಕು, ಕೆಂಚು ಕೂದಲು. ನಾನು ಅವಳನ್ನು ಎಂದೂ ಕಂಡಿರಲಿಲ್ಲ. ಚಿಕ್ಕಂದಿನಲ್ಲಿ ಕಾಯಿಲೆಯಾಗಿ ಬಹಳ ತಿಂಗಳು ಮಕ್ಕಳ ವಾರ್ಡಿನಲ್ಲಿದ್ದೆ, ಅಮ್ಮನಿಗೆ ಕೆಲಸವಿತ್ತು, ಬರಲಾಗುತ್ತಿರಲಿಲ್ಲ ಎಂದಳು. "ದಿನಾ ಬೆಳಿಗ್ಗೆ ನಿಮ್ಮಮ್ಮ ಡ್ಯೂಟಿಗೆ ಬಂದವರು ಮೊದಲು ನನ್ನ ತಲೆ ಬಾಚುತ್ತಿದ್ದರು. ಎಷ್ಟು ಕೆಲಸವಿದ್ದರೂ ಬಿಡುತ್ತಿರಲಿಲ್ಲ. ಎರಡು ಜಡೆ. ಯಾವ ನರ್ಸೂ ಹಾಗೆ ಹಾಕುತ್ತಿರಲಿಲ್ಲ."

ಮಗಳು ಎದ್ದು ನಿಂತಳು. ನಾನು ಸೌಟು ಕೆಳಗಿಟ್ಟೆ. ಹೋಗುತ್ತಾಳೆ ಎಂದುಕೊಂಡೆ. ಅವಳು ಆ ಹೆಂಗಸಿನ ಮುಖವನ್ನೇ ನೋಡುತ್ತ ನಿಂತಳು.

"ಆಗ ನಿಮಗೆ ಎಷ್ಟು ವರ್ಷ?" ಎಂದು ಕೇಳಿದಳು.

"ನಾಲ್ಕು."

ಮಗಳು ತನ್ನ ಕೂದಲಿಗೆ ಸಿಕ್ಕಿಸಿದ್ದ ಕ್ಲಿಪ್ಪು ತೆಗೆದಳು. ದಟ್ಟ ಕೂದಲು ಬೆನ್ನ ಮೇಲೆ ಬಿಚ್ಚಿಕೊಂಡಿತು. ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದು ಆ ಹೆಂಗಸಿನ ಮುಂದೆ ಹಾಕಿ, ಅವಳಿಗೆ ಬೆನ್ನು ಮಾಡಿ ಕೂತಳು.

"ನನ್ನಮ್ಮ ಹೇಗೆ ಹಾಕುತ್ತಿದ್ದಳು, ತೋರಿಸಿ" ಎಂದಳು.

ಆ ಹೆಂಗಸು ಒಂದು ಕ್ಷಣ ಅನುಮಾನಿಸಿದಳು, ಆಮೇಲೆ ಬೆರಳಿನಿಂದಲೇ ಬೈತಲೆ ತೆಗೆದು, ಎಡಗಡೆಯದನ್ನು ಮೊದಲು ಹೆಣೆಯತೊಡಗಿದಳು. ಮಗಳು ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು, ತಲೆ ಅಲ್ಲಾಡಿಸದೆ, ನೆಟ್ಟಗೆ ಕೂತಿದ್ದಳು.